ಗಂಟೆ ಮುಳ್ಳಿಗಿಂತ ನಿಧಾನ ತಿರುಗುವ ಸೌರಫಲಕ

ಪ್ರಶ್ನೆ: ನಮ್ಮ ತಾರಸಿಯ ಸೋಲಾರ್ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಅಲ್ಲಾಡದೆ ಕೂತಿರುತ್ತದೆ. ಉಪಗ್ರಹದ್ದು ಮಾತ್ರ ಸೂರ್ಯನತ್ತ ತಿರುಗುತ್ತಲೇ ಇರುತ್ತದಂತೆ. ಅದಕ್ಕೆ ಬೆಳಕು ಗುರುತಿಸುವ ಒಂದು ಸೆನ್ಸರ್, ಒಂದು ಮೋಟಾರ್ ಸಾಲದೆ?
– ಡಿಪ್ಲೊಮಾ ವಿದ್ಯಾರ್ಥಿನಿ, ರಾಜಾಜಿನಗರ, ಬೆಂಗಳೂರು

ಉತ್ತರ: ಸಾಲದು. ಸೂರ್ಯನನ್ನು ಹುಡುಕುವುದು ಸುಲಭ; ಉಪಗ್ರಹ ಅಲುಗದಂತೆ ಫಲಕ ತಿರುಗಿಸುವುದೇ ಕಷ್ಟ. ಪೀಣ್ಯದ ಶೆಡ್‌ನಲ್ಲಿ ತಯಾರಾಗಿ 1975ರಲ್ಲಿ ಹಾರಿದ ಆರ್ಯಭಟಕ್ಕೆ ಈ ಚಿಂತೆ ಇರಲಿಲ್ಲ, ಸೌರಕೋಶಗಳನ್ನು ಅದರ ಮೈಗೇ ಅಂಟಿಸಿದ್ದರು.

ಗುರಿ ತುಸು ತಪ್ಪಿದರೆ ನಷ್ಟ ದೊಡ್ಡದಲ್ಲ. 10 ಡಿಗ್ರಿ ಓರೆಯಾದರೂ ವಿದ್ಯುತ್ತು ಶೇ 1.5ರಷ್ಟೇ ಕಡಿಮೆಯಾಗುತ್ತದೆ, 60 ಡಿಗ್ರಿಯಾದರೆ ಅರ್ಧಕ್ಕಿಳಿಯುತ್ತದೆ. ವೇಗವೂ ಬೇಕಿಲ್ಲ. ಭೂಮಿ ತಿರುಗುವ ವೇಗಕ್ಕೇ ಉಪಗ್ರಹವೂ ಸುತ್ತುವ ಭೂಸ್ಥಿರ ಕಕ್ಷೆಯಲ್ಲಿ ಫಲಕ ತಿರುಗುವುದು ದಿನಕ್ಕೆ ಒಂದೇ ಸುತ್ತು, ಅಂದರೆ ಗಡಿಯಾರದ ಗಂಟೆ ಮುಳ್ಳಿನ ಅರ್ಧ ವೇಗ. ಕೆಳಗಿನ ಕಕ್ಷೆಯಲ್ಲಿ ಸುಮಾರು 100 ನಿಮಿಷಕ್ಕೊಂದು ಸುತ್ತು.

ಇದಕ್ಕೆ ಸಾಮಾನ್ಯವಾಗಿ ಬಳಸುವುದು ಸ್ಟೆಪ್ಪರ್ ಮೋಟಾರ್. ಒಳಗಿನ ತಂತಿ ಸುರುಳಿಗಳಿಗೆ ಸರದಿಯಂತೆ ಕರೆಂಟ್ ಕೊಟ್ಟರೆ ಅದು ಒಂದೊಂದೇ ಹೆಜ್ಜೆ ಇಡುತ್ತದೆ. ಆ ಹೆಜ್ಜೆಯೇ ತೊಂದರೆ. ಉದ್ದನೆಯ ಬಿದಿರು ಗಳದ ಒಂದು ತುದಿ ಹಿಡಿದು ಮೆಲ್ಲಗೆ ಜಗ್ಗಿ ನೋಡಿ, ಆಚೆ ತುದಿ ಎಷ್ಟೋ ಹೊತ್ತು ಓಲಾಡುತ್ತದೆ. ಹಗುರವಾದ ಫಲಕವೂ ಹಾಗೆಯೇ. ಓಲಾಟ ತಗ್ಗಿಸಲು ಅಲ್ಲಿ ಗಾಳಿಯೂ ಇಲ್ಲ. ಹೆಜ್ಜೆಯ ಲಯ ಫಲಕದ ಸಹಜ ಕಂಪನಕ್ಕೆ ಕೂಡಿಬಂದರೆ ಉಪಗ್ರಹವೇ ನಡುಗಿ, ಕ್ಯಾಮೆರಾದ ಚಿತ್ರ ಮಸುಕಾಗುತ್ತದೆ. ಅದಕ್ಕೇ ಮೋಟಾರನ್ನು ನಡೆಸುವ ಡ್ರೈವ್ ಸರ್ಕ್ಯೂಟ್ ಕರೆಂಟನ್ನು ಒಮ್ಮೆಲೇ ಹರಿಸಿ ನಿಲ್ಲಿಸುವುದಿಲ್ಲ. ಒಂದು ಸುರುಳಿಯಲ್ಲಿ ಇಳಿಸುತ್ತಾ ಇನ್ನೊಂದರಲ್ಲಿ ಏರಿಸುತ್ತಾ, ಪ್ರತಿ ಹೆಜ್ಜೆಯನ್ನೂ ಚೂರುಚೂರಾಗಿ ಒಡೆದು ಇಡಿಸುತ್ತದೆ. ಇದು ಮೈಕ್ರೋಸ್ಟೆಪ್ಪಿಂಗ್. ಇಡೀ ಸರ್ಕ್ಯೂಟಿನಲ್ಲಿ ನನಗೆ ಬಹಳ ಇಷ್ಟವಾದ ಭಾಗವೂ ಇದೇ.

ನಡುಕ ಮೋಟಾರಿನಿಂದಲೇ ಬರಬೇಕೆಂದಿಲ್ಲ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಫಲಕಗಳು ಬಿಸಿಲು–ನೆರಳು ದಾಟುವಾಗ ಶಾಖದ ಏರಿಳಿತಕ್ಕೇ ಬಾಗಿ ನಡುಗುತ್ತಿದ್ದವು. 1993ರಲ್ಲಿ ಗಗನಯಾತ್ರಿಗಳು ಹೋಗಿ ಬದಲಾಯಿಸಬೇಕಾಯಿತು.

ಇನ್ನು ಸೆನ್ಸರ್. ಕೆಳಗಿನ ಕಕ್ಷೆಯಲ್ಲಿ ಸಾಮಾನ್ಯವಾಗಿ ಪ್ರತಿ ಸುತ್ತಿಗೂ ಅರ್ಧ ಗಂಟೆಯಷ್ಟು ಭೂಮಿಯ ನೆರಳು ಕವಿಯುತ್ತದೆ. ಬೆಳಕನ್ನೇ ನಂಬಿದ ಫಲಕ ಆಗ ದಿಕ್ಕು ತಪ್ಪುತ್ತದೆ. ಹಾಗಾಗಿ ಕಂಪ್ಯೂಟರು ಕಕ್ಷೆಯ ಲೆಕ್ಕ ಹಿಡಿದು ಕತ್ತಲಲ್ಲೂ ಅದನ್ನು ತಿರುಗಿಸುತ್ತಲೇ ಇರಬಲ್ಲದು. ಸೂರ್ಯ ಮತ್ತೆ ಕಂಡಾಗ ಫಲಕ ಆ ಕಡೆಗೇ ಮುಖ ಮಾಡಿರುತ್ತದೆ. ಉಳಿದ ಸಣ್ಣ ವ್ಯತ್ಯಾಸ ತಿದ್ದಲು ಸೆನ್ಸರ್ ಬೇಕು.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ 1.8 ಡಿಗ್ರಿ ಹೆಜ್ಜೆಯ ಸ್ಟೆಪ್ಪರ್ ಮೋಟಾರೂ ಮೈಕ್ರೋಸ್ಟೆಪ್ಪಿಂಗ್ ಇರುವ ಡ್ರೈವರ್ ಬೋರ್ಡೂ ಸಿಗುತ್ತವೆ. ಶಾಫ್ಟಿಗೆ ಉದ್ದನೆಯ ತೆಳು ಸ್ಕೇಲ್ ಕಟ್ಟಿ, ಮೊದಲು ಪೂರ್ಣ ಹೆಜ್ಜೆಯಲ್ಲಿ, ಆಮೇಲೆ ಒಡೆದ ಹೆಜ್ಜೆಯಲ್ಲಿ ನಿಧಾನವಾಗಿ ತಿರುಗಿಸಿ. ಸ್ಕೇಲಿನ ತುದಿಯನ್ನೇ ನೋಡುತ್ತಿರಿ.