ಕಪ್ಪಾದರೆ ಸಾಲದು, ಕಾರ್ಬನ್ ಕೈ ಹಿಡಿಯಬೇಕು

ಪ್ರಶ್ನೆ: ಸರ್, ಹುಬ್ಬಳ್ಳಿ ಗೋಕುಲ ರೋಡ್‌ನಲ್ಲಿ ನಮ್ಮದೊಂದು ಸಣ್ಣ ರಬ್ಬರ್ ಮೋಲ್ಡಿಂಗ್ ಯೂನಿಟ್ ಇದೆ. ಬುಷ್, ವಾಷರ್ ಮಾಡುತ್ತೇವೆ. ಗಿರಾಕಿಯೊಬ್ಬರು ಸ್ಟ್ಯಾಟಿಕ್ ಕರೆಂಟ್ ಇಳಿಸುವ ಮ್ಯಾಟ್ ಕೇಳಿದ್ದಾರೆ. ಕಿಲೋ ನ್ಯಾಚುರಲ್ ರಬ್ಬರ್‌ಗೆ 50 ಗ್ರಾಂ ಕಾರ್ಬನ್ ಬ್ಲ್ಯಾಕ್ ಪುಡಿ ಹಾಕಿದೆ. ಕಪ್ಪಗೆ ಮಿರಿಮಿರಿ ಮಿಂಚುತ್ತಿದೆ, ಮೀಟರ್ ಮುಳ್ಳು ಮಾತ್ರ ಅಲ್ಲಾಡುತ್ತಿಲ್ಲ. ತಾಮ್ರದ ಪುಡಿ ಬೆರೆಸಲಾ?

ಉತ್ತರ: ಮೊದಲು ತಾಮ್ರ ಬಿಡಿ. ಅದರ ಪುಡಿಯ ಮೇಲೆ ಆಕ್ಸೈಡ್ ಪೊರೆ ಕೂರುತ್ತದೆ, ಕಣದಿಂದ ಕಣಕ್ಕೆ ಕರೆಂಟ್ ದಾಟುವುದು ಕಷ್ಟ. ಮೇಲಾಗಿ ನ್ಯಾಚುರಲ್ ರಬ್ಬರ್‌ಗೆ ತಾಮ್ರ ವಿಷ ಇದ್ದ ಹಾಗೆ, ಮಾಲು ಬೇಗ ಹಾಳಾಗುತ್ತದೆ.

ನಿಮ್ಮ ತೊಂದರೆ ಕಾರ್ಬನ್ ಅಳತೆಯದ್ದು. ಗಿರ್ಮಿಟ್ ತಟ್ಟೆ ನೆನಪಿಸಿಕೊಳ್ಳಿ. ಚುರುಮುರಿ ನಡುವೆ ನಾಲ್ಕೈದು ಶೇಂಗಾ ಇದ್ದರೆ ಒಂದಕ್ಕೊಂದು ತಾಗುವುದಿಲ್ಲ, ಅಲ್ವಾ? ಹಾಕುತ್ತಾ ಹೋಗಿ, ಒಂದು ಹಂತದಲ್ಲಿ ತಟ್ಟೆಯ ಈ ಅಂಚಿನಿಂದ ಆ ಅಂಚಿನ ತನಕ ಶೇಂಗಾ ಸಾಲು ಕೂಡಿಬಿಡುತ್ತದೆ. ಕಾರ್ಬನ್ನೂ ಹಾಗೇ. ಆ ಹಂತದ ತನಕ ರಬ್ಬರ್ ಸುಮ್ನೆ ಕಪ್ಪಗಿರುತ್ತದೆ, ಆಮೇಲೆ ಸ್ವಲ್ಪ ಜಾಸ್ತಿ ಹಾಕಿದರೂ ರೆಸಿಸ್ಟೆನ್ಸ್ ಸಾವಿರಾರು ಪಟ್ಟು ಕುಸಿಯುತ್ತದೆ. ನೀವು ಹಾಕಿದ್ದು 100 ಭಾಗ ರಬ್ಬರ್‌ಗೆ 5. ಟೈರ್‌ಗೆ ಹಾಕುವ ಸಾಮಾನ್ಯ ಕಾರ್ಬನ್, ಅಂದರೆ ಎಚ್‌ಎಎಫ್ ಗ್ರೇಡ್ ಆದರೆ 40ರಿಂದ 60 ಭಾಗದ ಆಸುಪಾಸಿನಲ್ಲಿ ಟ್ರಯಲ್ ಮಾಡಿ. ಕರೆಂಟ್ ಹರಿಸಲೆಂದೇ ಮಾಡಿದ ಕಂಡಕ್ಟಿವ್ ಗ್ರೇಡ್ ಕಾರ್ಬನ್ ದುಬಾರಿ, ಆದರೆ ಕಡಿಮೆ ಹಾಕಿದರೆ ಸಾಕು. ಕೆಟ್ಟ ಟಿವಿ ರಿಮೋಟ್ ಇದ್ದರೆ ಬಿಚ್ಚಿ ನೋಡಿ, ರಬ್ಬರ್ ಬಟನ್ ಕೆಳಗಿನ ಕಪ್ಪು ಚುಕ್ಕೆ ಸಾಮಾನ್ಯವಾಗಿ ಇದೇ ಕಾರ್ಬನ್ ತುಂಬಿದ ಮಾಲು.

ಮಿಕ್ಸಿಂಗ್ ಮಿಲ್‌ನಲ್ಲಿ ಜಾಸ್ತಿ ಹೊತ್ತು ಓಡಿಸಬೇಡಿ. ಕಲಸಿದಷ್ಟೂ ಒಳ್ಳೆಯದು ಅಂತ ನಾವೆಲ್ಲ ಕಲಿತದ್ದು, ಇಲ್ಲಿ ಅದು ಉಲ್ಟಾ ಹೊಡೆಯುತ್ತದೆ. ರೋಲರ್ ಸಂದಿಯಲ್ಲಿ ಕಾರ್ಬನ್ ಸರಪಳಿಗಳು ಮುರಿಯುತ್ತವೆ, ಅದೇ ಅಳತೆಯ ಮಾಲು ಇವತ್ತು ಪಾಸ್ ಆಗಿ ನಾಳೆ ಫೇಲ್ ಆಗುತ್ತದೆ. ಎಷ್ಟು ನಿಮಿಷ ಓಡಿಸಿದಿರಿ ಅಂತ ಪ್ರತಿ ಸಲ ಬರೆದಿಡಿ.

ಅಳೆಯುವುದರಲ್ಲೂ ಮೋಸ ಹೋಗಬಹುದು. ಮೋಲ್ಡ್‌ನಿಂದ ತೆಗೆದ ಶೀಟಿನ ಮೇಲೆ ಬರಿ ರಬ್ಬರ್‌ನ ತೆಳು ಪದರ ಇರುತ್ತದೆ. ಎಮರಿ ಪೇಪರ್‌ನಿಂದ ಸ್ವಲ್ಪ ಉಜ್ಜಿ, ಎರಡೂ ಕಡೆ ಲೋಹದ ತಗಡು ಒತ್ತಿ ಅಳೆಯಿರಿ. ಆ್ಯಂಟಿಸ್ಟ್ಯಾಟಿಕ್ ಶೂಗಳಿಗೆ ಒಪ್ಪಿದ ಮಿತಿಯೇ 1 ಲಕ್ಷದಿಂದ 100 ಕೋಟಿ ಓಮ್. ಅಷ್ಟು ಮೇಲಿನದ್ದು ಸಾದಾ ಮೀಟರ್‌ಗೆ ಸಿಗುವುದಿಲ್ಲ, ಭಾರಿ ರೆಸಿಸ್ಟೆನ್ಸ್ ಅಳೆಯುವ ಮೆಗ್ಗರ್ ಬೇಕು.

ಇನ್ನೊಂದು, ಮ್ಯಾಟ್ ಎಲ್ಲಿ ಹಾಸುತ್ತೀರಿ ಅಂತ ಗಿರಾಕಿಯನ್ನು ಇವತ್ತೇ ಕೇಳಿ. ಎಲೆಕ್ಟ್ರಿಕ್ ಪ್ಯಾನೆಲ್ ಮುಂದೆ ಅಂದರೆ ಆರ್ಡರ್ ನಿಲ್ಲಿಸಿ. ಅಲ್ಲಿಗೆ ಬೇಕಾದದ್ದು ಕರೆಂಟ್ ತಡೆಯುವ ಮ್ಯಾಟ್.