ಗಾಳಿ ಚೀಲ ಮಕ್ಕಳಾಟವಲ್ಲ

'ಕರೆಂಟ್ ಕೂಡಿಡಲು ಬ್ಯಾಟರಿ ಇದೆ. ನೀರಿನ ತಳದಲ್ಲಿ ಗಾಳಿ ಚೀಲ ಇಡುವ ಮಕ್ಕಳಾಟಕ್ಕೆ ಎರಡು ಪುಟ ಯಾಕೆ ದಂಡ ಮಾಡಿದಿರಿ?'
– ಓದುಗರೊಬ್ಬರು, ದಾವಣಗೆರೆ

ಮುಚ್ಚುಮರೆ ಇಲ್ಲದೆ ಕೇಳಿದ್ದೀರಿ, ಸಂತೋಷ. ಆ ಎರಡು ಪುಟದ ಸಾರ ಇಷ್ಟೇ: ಮಿಕ್ಕ ಕರೆಂಟಿನಿಂದ ಗಾಳಿಯನ್ನು ಒತ್ತಿ ನೀರಿನ ತಳದ ಚೀಲಕ್ಕೆ ತುಂಬುವುದು, ಬೇಕಾದಾಗ ಅದೇ ಗಾಳಿಯಿಂದ ಟರ್ಬೈನ್ ತಿರುಗಿಸಿ ಕರೆಂಟ್ ವಾಪಸ್ ಪಡೆಯುವುದು. ಬ್ಯಾಟರಿಗೆ ಜಾಗ ಕಡಿಮೆ ಸಾಕು, ಕೇಳಿದ ಕ್ಷಣಕ್ಕೆ ಕರೆಂಟ್ ಕೊಡುತ್ತದೆ. ಒಪ್ಪಿದೆ. ಆದರೆ ಮಕ್ಕಳಾಟ ಅಂದಿರಲ್ಲ, ಅದು ಬೇಸರವಾಯಿತು.

ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು ನಾನು. ಆ ಡಬ್ಬವನ್ನು ಎರಡೂ ಕೈಯಲ್ಲಿ ಅದುಮಿದರೂ ನೀರು ಅದನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು. ಈಗ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಿಗೆ ಬನ್ನಿ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರೊಫೆಸರ್ ಸೀಮಸ್ ಗಾರ್ವಿ ಅವರ ಯೋಜನೆಯ ಚೀಲವನ್ನು 2012ರಲ್ಲಿ ಅಲ್ಲಿ 25 ಮೀಟರ್ ಆಳಕ್ಕೆ ಇಳಿಸಿದರು. ಅಗಲ 5 ಮೀಟರ್. ಅಷ್ಟಗಲದ ಚೀಲ ಗುಂಡಗೆ ಉಬ್ಬಿದರೆ 60 ಟನ್ನಿಗೂ ಜಾಸ್ತಿ ಬಲದಿಂದ ಮೇಲಕ್ಕೆ ಜಗ್ಗುತ್ತದೆ, ನಾನೇ ಲೆಕ್ಕ ಹಾಕಿದೆ. ಅದನ್ನು ತಳದಲ್ಲಿ ಹಿಡಿದಿಡುವುದು ಸಣ್ಣ ಕೆಲಸವಾ?

ಹತ್ತು ಮೀಟರ್ ಇಳಿದಂತೆಲ್ಲ ಒಂದು ವಾತಾವರಣದಷ್ಟು, ಅಂದರೆ ನೆಲದ ಮೇಲೆ ಗಾಳಿ ನಮ್ಮನ್ನು ಒತ್ತುವಷ್ಟು, ನೀರಿನ ಒತ್ತಡ ಏರುತ್ತದೆ. ಒಳಗಿನ ಗಾಳಿಯೂ ಹೊರಗಿನ ನೀರೂ ಹೆಚ್ಚುಕಡಿಮೆ ಸಮನಾಗಿ ಒತ್ತುವುದರಿಂದ ದಪ್ಪ ಉಕ್ಕು ಬೇಡ, ಗಟ್ಟಿ ಬಟ್ಟೆ ಸಾಕು. ಉಕ್ಕಿನ ಟ್ಯಾಂಕಿನಲ್ಲಿ ಗಾಳಿ ಖರ್ಚಾದಂತೆ ಒತ್ತಡ ಇಳಿಯುತ್ತದೆ. ಇಲ್ಲಿ ಚೀಲ ಬರಿದಾಗುವ ತನಕ ನೀರು ಒಂದೇ ಸಮ ಒತ್ತಿ ಗಾಳಿಯನ್ನು ದಡದ ಟರ್ಬೈನಿಗೆ ಕಳಿಸುತ್ತದೆ. ಎಷ್ಟು ಚೆಂದ ಅಲ್ವಾ!

ತೊಡಕೂ ಇದೆ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಸುಡುತ್ತದೆ. ಆ ಬಿಸಿಯನ್ನು ಹಿಡಿದಿಟ್ಟು ವಾಪಸ್ ಬಳಸದಿದ್ದರೆ ಹಾಕಿದ ಕರೆಂಟಿನಲ್ಲಿ ದೊಡ್ಡ ಪಾಲು ಸೋರಿಹೋಗುತ್ತದೆ.

ಕೆನಡಾದ ಹೈಡ್ರೋಸ್ಟಾರ್ ಕಂಪನಿ 2015ರಲ್ಲಿ ಟೊರಾಂಟೊ ಎದುರಿನ ಒಂಟಾರಿಯೊ ಸರೋವರದಲ್ಲಿ, ಸುಮಾರು 55 ಮೀಟರ್ ಆಳದಲ್ಲಿ ಇಂಥ ಚೀಲಗಳನ್ನು ಕೂರಿಸಿತು. ಆಮೇಲೆ ನೆಲದಡಿಯ ಗುಹೆಗಳ ಕಡೆ ತಿರುಗಿತು. ಅಲ್ಲೂ ಗಾಳಿಯನ್ನು ಒತ್ತಿ ಹಿಡಿಯುವುದು ನೀರೇ. ಚೀಲ ಇಳಿಸಿದ ದಿನ ಊರೆಲ್ಲ ಸುದ್ದಿ. ಗುಹೆಗೆ ಯಾಕೆ ಹೋದರು ಅಂತ ಎಷ್ಟು ಪತ್ರಿಕೆ ಬರೆದವು? ನಮ್ಮ ಪತ್ರಿಕೆಯೂ ಬರೆಯಲಿಲ್ಲ. ರಿಬ್ಬನ್ ಕತ್ತರಿಸುವಾಗ ಇರುವ ಕ್ಯಾಮೆರಾ, ಸೋರುವ ಹೊಲಿಗೆಗೆ ತೇಪೆ ಹಾಕುವಾಗ ಇರುವುದಿಲ್ಲ. ಎಂಜಿನಿಯರಿಂಗ್ ನಡೆಯುವುದು ಆ ತೇಪೆ ಹತ್ತಿರವೇ. ನಾನು ಓದಿದ ಶಾಲೆಯಲ್ಲಿ ವಾಯುರೇಚಕ ಯಂತ್ರ, ಅಂದರೆ ಪಾತ್ರೆಯೊಳಗಿನ ಗಾಳಿ ಹೊರತೆಗೆಯುವ ಪಂಪು, ಗಾಜಿನ ಬೀರುವಿನಲ್ಲಿತ್ತು. ಮೂರು ವರ್ಷ ಬೀಗ ತೆಗೆಯಲಿಲ್ಲ. ಹಾಗೆ ಬೆಳೆದವರಿಗೆ ಗಾಳಿ ಅಂದರೆ ಸುಮ್ನೆ ಖಾಲಿ ಅನ್ನಿಸುವುದರಲ್ಲಿ ನಿಮ್ಮದೇನೂ ತಪ್ಪಿಲ್ಲ.

ಮುಂದಿನ ಸಂಚಿಕೆಯಲ್ಲಿ ಈ ಚೀಲಗಳ ಬಗ್ಗೆ ಇನ್ನೆರಡು ಪುಟ ಇಟ್ಟಿದ್ದೇನೆ. ಅದನ್ನೂ ಓದಿ, ಮತ್ತೆ ಬರೆಯಿರಿ.