ಎರಡು ದಿನಕ್ಕೆ ಎಷ್ಟು ಲಗೇಜು?

ಪ್ರಶ್ನೆ: ಹಾಸನದಿಂದ ಬಸ್ಸಲ್ಲಿ ಚಿಕ್ಕಮಗಳೂರಿಗೆ ಎರಡು ದಿನ ಹೊರಟಿದೀವಿ, ನಮ್ಮನೆಯವ್ರು ಆಗ್ಲೇ ಎರಡು ಸೂಟ್‌ಕೇಸ್ ತುಂಬ್ಸಿದಾರೆ. ಏನ್ ಬಿಡೋದು?

ಉತ್ತರ: ಎರಡು ಸೂಟ್‌ಕೇಸಾ! ಮದ್ವೆಗೇನಾದ್ರೂ ಹೊರಟಿದೀರಾ ಸಾರ್? ಒಬ್ರಿಗೆ ಒಂದು ಹೆಗಲ ಬ್ಯಾಗ್ ಸಾಕು. ಒಂದು ಜೊತೆ ಬಟ್ಟೆ, ಸ್ವೆಟರು, ಟವೆಲ್ ಬದ್ಲು ತೆಳ್ಳನೆ ಪಂಚೆ, ರಾತ್ರಿ ಹಿಂಡಿ ಫ್ಯಾನ್ ಕೆಳಗೆ ಹಾಕಿದ್ರೆ ಬೆಳಗ್ಗೆ ಒಣಗಿರುತ್ತೆ (ಮಳೆಗಾಲದಲ್ಲಿ ನಂಬ್ಬೇಡಿ). ಮಜಾ ಇರೋದು ದಾರೀಲಿ, ಬೇಲೂರಲ್ಲಿ ಇಳಿದು, 1117ರ ಚೆನ್ನಕೇಶವನ ಗುಡಿ ಸುತ್ತಿ, ಮದನಿಕೆಯರನ್ನ ಕತ್ತೆತ್ತಿ ನೋಡ್ಕೊಂಡು ಇನ್ನೊಂದು ಬಸ್ ಹತ್ಬೋದು, ಸೂಟ್‌ಕೇಸ್ ಇದ್ರೆ ಒಬ್ರು ಹೊರಗೆ ಕಾವಲು ಕೂರ್ಬೇಕು, ನಾನೇ ಕೂತಿದೀನಿ ಒಂದ್ಸಲ. 1930 ಮೀಟರಿನ ಮುಳ್ಳಯ್ಯನಗಿರಿ ಮೆಟ್ಟಿಲಿಗೂ ಅಷ್ಟೆ. ವಾಪಸ್ ಬರುವಾಗ ಕಾಫಿಪುಡಿಗೆ ಜಾಗ ಬೇಕಲ್ವಾ, ಬ್ಯಾಗ್ ಕಾಲು ಭಾಗ ಖಾಲಿ ಇಟ್ಕೊಂಡೇ ಹೊರಡಿ.